ವೀಣೆಗೆ ಅಲ್ಪವ್ಯಯದ ಸ್ಪರ್ಶಗ್ರಾಹಕ

ವೀಣೆಯ ನಾದವು ಸೂಕ್ಷ್ಮವಾದುದು. ವಿಸ್ತಾರವಾದ ಸಭಾಮಂದಿರದಲ್ಲಿ ಮೃದಂಗ ಘಟಗಳ ನಡುವೆ ಅದರ ಗಮಕಗಳು ಹಿಂದಿನ ಸಾಲಿನವರಿಗೆ ಮುಟ್ಟುವುದಿಲ್ಲ. ವೈಣಿಕನ ಮುಂದೆ ಮೈಕನ್ನು ನಿಲ್ಲಿಸಿದರೆ ಅದು ವೀಣೆಯನ್ನೂ ಪಕ್ಕದ ಮೃದಂಗವನ್ನೂ ಸಭೆಯ ಕೆಮ್ಮನ್ನೂ ಸಮದೃಷ್ಟಿಯಿಂದ ಗ್ರಹಿಸುವುದು. ಆದುದರಿಂದ ವಾದ್ಯದ ಮೈಗೇ ಅಂಟಿಸುವ ‘ಕಾಂಟ್ಯಾಕ್ಟ್ ಮೈಕು’ ಬಳಕೆಗೆ ಬಂದಿತು. ಇದನ್ನು ಸ್ಪರ್ಶಗ್ರಾಹಕವೆನ್ನಬಹುದು. ಸಿದ್ಧವಾಗಿ ಕೊಳ್ಳುವುದಾದರೆ ಸಾವಿರಾರು ರೂಪಾಯಿ ಬೇಕಾಗಿ, ಬಡ ವಿದ್ಯಾರ್ಥಿಗೆ ಎಟುಕದು. ಮನೆಯಲ್ಲಿ ಮಾಡಿಕೊಂಡದ್ದು ಕರ್ಕಶವೆಂಬ ಅಪವಾದವುಂಟು. ಈ ಅಪವಾದವು ವಿಚಾರಾರ್ಹವಾದುದು.

೧೮೮೦ರಲ್ಲಿ ಫ್ರಾನ್ಸಿನ ಝಾಕ್ ಮತ್ತು ಪಿಯೆರ್ ಕ್ಯೂರಿ ಸಹೋದರರು, ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮುಖಗಳಲ್ಲಿ ವಿದ್ಯುತ್ತು ತೋರುವುದೆಂದು ಕಂಡುಹಿಡಿದರು. ‘ಪೀಜೊ’ ಎಂಬ ಇದರ ಹೆಸರು ಒತ್ತುವುದೆಂಬರ್ಥದ ಗ್ರೀಕ್ ಧಾತುವಿನಿಂದ ಬಂದುದು. ಆ ಧಾತುವನ್ನು ಭಾಷಾಶಾಸ್ತ್ರಜ್ಞರು ಸಂಸ್ಕೃತದ ‘ಪೀಡ್’ ಧಾತುವಿಗೆ ಸಗೋತ್ರವೆಂದೆಣಿಸುವರು. ಹೀಗಿರಲು ‘ಪೀಡವಿದ್ಯುತ್ತು’ ಎಂಬ ಪದವು ಬರಿಯ ಭಾಷಾಂತರವಲ್ಲ, ಬಂಧುವನ್ನು ಬಂಧುವಿನಿಂದ ಕರೆದಂತೆ.

ಇಂದು ಹರಳಿನ ಬದಲು, ಹಿತ್ತಾಳೆಯ ಬಿಲ್ಲೆಯ ಮೇಲೆ ಪಿಂಗಾಣಿಜಾತಿಯ ತೆಳುಪದರವನ್ನು ಕೂಡಿಸಿ ಅದಕ್ಕೆ ಬೆಳ್ಳಿಯ ಲೇಪವನ್ನು ಕೊಟ್ಟಿರುವುದು ದೊರೆಯುತ್ತದೆ. ಆಟಿಕೆಗಳಲ್ಲಿಯೂ ಎಚ್ಚರಗಂಟೆಗಳಲ್ಲಿಯೂ ಸದ್ದುಮಾಡುವುದು ಇದೇ. ಬೆಂಗಳೂರಿನ ಎಸ್. ಪಿ. ರಸ್ತೆಯಂತಹ ಪೇಟೆಗಳಲ್ಲಿ ೨೭ ಮಿಲಿಮೀಟರ್ ಅಡ್ಡಳತೆಯ ಬಿಲ್ಲೆಯು ಅತ್ಯಲ್ಪ ಬೆಲೆಗೆ ಸಿಕ್ಕುವುದು. ಲೋಹಜಾಲದ ಹೊದಿಕೆಯುಳ್ಳ ತಂತಿಯನ್ನು ತಂದು, ಅದರ ಒಳ ಎಳೆಯನ್ನು ಬೆಳ್ಳಿಯ ಮುಖಕ್ಕೂ ಜಾಲವನ್ನು ಹಿತ್ತಾಳೆಗೂ ಬೆಸೆಯತಕ್ಕದ್ದು. ಬೆಸುಗೆಯ ಕಡ್ಡಿಯು ಬೆಳ್ಳಿಯ ಮೇಲೆ ಕ್ಷಣಕಾಲಕ್ಕಿಂತ ಹೆಚ್ಚು ನಿಲ್ಲಬಾರದು. ಪಿಯೆರ್ ಕ್ಯೂರಿಯ ಹೆಸರಿನಿಂದಲೇ ಪ್ರಸಿದ್ಧವಾದ ಉಷ್ಣತೆಯೊಂದನ್ನು ಮೀರಿದರೆ ಪದರವು ತನ್ನ ಗುಣವನ್ನೇ ಕಳೆದುಕೊಳ್ಳುವುದು. ಬಳಿಕ ಬಿಲ್ಲೆಯ ಮೇಲ್ಮುಖಕ್ಕೆ ಅಂಟುಪಟ್ಟಿಯನ್ನು ಸುತ್ತಿ, ಅದರ ಮೇಲೆ ತಾಮ್ರದ ತಗಡನ್ನು ಹೊದಿಸಿ ಜಾಲಕ್ಕೆ ಸೇರಿಸಿದರೆ ಗುಂಯ್‌ಗುಡುವ ಸದ್ದು ಅಡಗುವುದು.

ಕರ್ಕಶತೆಯ ಮೂಲವು ಇನ್ನೊಂದೆಡೆ ಇದೆ. ಇಂತಹ ಬಿಲ್ಲೆಯ ವಿದ್ಯುದ್ಧಾರಣೆಯು ಸುಮಾರು ೨೦ ನ್ಯಾನೊಫ್ಯಾರಡ್. ಇದನ್ನು ೧೦,೦೦೦ ಓಮ್ ರೋಧವುಳ್ಳ ಧ್ವನಿವರ್ಧಕದ ದ್ವಾರಕ್ಕೆ ನೇರವಾಗಿ ಸೇರಿಸಿದರೆ, ಸೆಕೆಂಡಿಗೆ ಸುಮಾರು ೮೦೦ಕ್ಕಿಂತ ಕಡಿಮೆಯಾದ ಕಂಪನಗಳೆಲ್ಲ ಕ್ರಮವಾಗಿ ಕ್ಷೀಣಿಸುವುವು. ಸಾರಣಿಯ ಆಧಾರಷಡ್ಜವಾದರೋ ಪ್ರಾಯಶಃ ೨೦೦ನ್ನೂ ಮುಟ್ಟುವುದಿಲ್ಲ. ಮಂದ್ರವು ಇನ್ನೂ ಕೆಳಗೆ. ಹೀಗೆ ನಾದದ ಒಡಲು ಹೋಗಿ ತಂತಿಯ ಝಣತ್ಕಾರವೊಂದೇ ಉಳಿದಾಗ ಕೇಳಿದವನು ಬಿಲ್ಲೆಯನ್ನು ಬೈಯುವನು. ನಡುವೆ ೯ ವೋಲ್ಟ್ ಬ್ಯಾಟರಿಯಿಂದ ನಡೆಯುವ, ೧೦ ಲಕ್ಷ ಓಮ್ ರೋಧದ ದ್ವಾರವುಳ್ಳ ಚಿಕ್ಕ ಪೂರ್ವವರ್ಧಕವೊಂದನ್ನು ಇಟ್ಟರೆ ಆ ೮೦೦ರ ಮೇರೆಯು ೮ಕ್ಕೆ ಇಳಿಯುವುದು. ಅಪವಾದವು ಬಹುಮಟ್ಟಿಗೆ ಇಲ್ಲಿಯೇ ಬಿದ್ದುಹೋಗುವುದು.

ಉಳಿದುದು ಸ್ಥಾನವಿಚಾರ. ವೀಣೆಯ ದನಿ ಕುದುರೆಯಲ್ಲಿ ರೂಪುಗೊಳ್ಳುವುದೆಂಬುದನ್ನು ಹಿಂದಿನವರು ಬಲ್ಲರು. ೧೩ನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ, ತಂತಿಗೂ ಅದರಡಿಯ ಲೋಹಪತ್ರಿಕೆಗೂ ನಡುವೆ ಇಡುವ ಬಿದಿರಿನ ಸೀಳನ್ನು ‘ಜೀವಾ’ ಎಂದೇ ಕರೆದನು. ಆದರೆ ಬಿಲ್ಲೆಯನ್ನು ಕುದುರೆಯ ಅಡಿಯಲ್ಲಿ ಸಿಕ್ಕಿಸಲಾಗದು. ತಂತಿಗಳ ಒತ್ತಡಕ್ಕೆ ಪಿಂಗಾಣಿಯು ಸೀಳುವುದು. ಕುಡದ ಮೇಲ್ಹಲಗೆಯಲ್ಲಿ ಕುದುರೆಯ ಸಮೀಪಕ್ಕೆ ಹಿತ್ತಾಳೆಯ ಮುಖವನ್ನು ಒತ್ತುವುದು ಯುಕ್ತ. ಅಂಟಿಗೆ ಮೆಟ್ಟಿಲುಗಳನ್ನು ಕೂರಿಸುವ ಮೇಣವೇ ಸಾಕು. ಮರಕ್ಕೆ ಕೇಡಿಲ್ಲದೆ ಬಿಡಿಸಿಕೊಳ್ಳಬಹುದು. ಮೇಣವು ದಪ್ಪವಾದರೆ ತಾರಸ್ವರಗಳು ಮಂಕಾಗುವುವು.

ಇಷ್ಟಾದರೂ ಮೀಟಿನ ಟಕ್ಕೆಂಬ ಸದ್ದೂ ಕೈ ತಗುಲಿದ ಸದ್ದೂ ಕೇಳಿಬರುವುವೆಂದು ರಸಿಕರು ಆಕ್ಷೇಪಿಸುವರು. ಆಕ್ಷೇಪವು ನಿಜ. ಕಿವಿಯು ಕೇಳುವುದು ಗಾಳಿಯಲ್ಲಿ ಹರಡಿದ ವೀಣೆಯನ್ನು, ಬಿಲ್ಲೆಯು ಕೇಳುವುದು ಮರವನ್ನು; ಬೆಲೆಯುಳ್ಳ ಸ್ಪರ್ಶಗ್ರಾಹಕಕ್ಕೂ ಈ ದೋಷವು ತಪ್ಪಿದ್ದಲ್ಲ. ಕುದುರೆಯಿಂದ ಬೆರಳಗಲ ಬೆರಳಗಲವಾಗಿ ಸರಿಸುತ್ತ, ಇನ್ನೊಬ್ಬರನ್ನು ಸಭೆಯ ಕೊನೆಯ ಸಾಲಿನಲ್ಲಿ ಕೂರಿಸಿ ಕೇಳಿಸಿ ಸ್ಥಾನವನ್ನು ಗೊತ್ತುಮಾಡತಕ್ಕದ್ದು. ನುಡಿಸುವವನ ಕಿವಿಯು ಇದಕ್ಕೆ ಪ್ರಮಾಣವಲ್ಲ.