ಏರಿನಲ್ಲಿ ಹಿಂಜಾರದ ಮೋಟಾರು

ಬೆಂಗಳೂರು ಸಮತಟ್ಟಾದ ಊರೆಂದು ಹೊರಗಿನವರು ಭಾವಿಸುವುದುಂಟು. ನಗರದ ದಕ್ಷಿಣ ಭಾಗದಲ್ಲಿ ಮನೆ ಮಾಡಿಕೊಂಡಿರುವ ಗೃಹಸ್ಥರು ಈ ಮಾತನ್ನು ಒಪ್ಪಲಾರರು. ಬಸವನಗುಡಿಯ ದಿಣ್ಣೆಯಿಂದ ಪಡುವಲಿಗೆ ಹರಿದ ಮಳೆಯ ನೀರು ವೃಷಭಾವತಿಯನ್ನು ಸೇರುವುದು. ಮೂಡಲಿಗೆ ಹರಿದುದು ಕೋರಮಂಗಲದ ಕಣಿವೆಯನ್ನು ಹಿಡಿದು ಬೆಳ್ಳಂದೂರು ಕೆರೆಗೆ ಹೋಗುವುದು. ನೀರಿಗೆ ಇಳಿಜಾರಾದುದು ಮೋಟಾರಿಗೂ ಇಳಿಜಾರೇ ಅಲ್ಲವೆ? ಇದು ಸಾಲದೆಂಬಂತೆ ನಾವು ಕಟ್ಟಿಕೊಂಡ ಏರುಗಳು ಬೇರೆ. 2024ರ ಜುಲೈ ತಿಂಗಳಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನ ಕಡೆಗೆ ತೆರೆಯಲ್ಪಟ್ಟ ಎರಡಂತಸ್ತಿನ ಮೇಲುಸೇತುವೆ ಅಂತಹುದೊಂದು. ಜಯನಗರ, ಜೆ.ಪಿ. ನಗರಗಳ ಬಹುಮಹಡಿ ಮನೆಗಳ ನೆಲಮಾಳಿಗೆಯಿಂದ ಬೀದಿಗೆ ಹತ್ತುವ ದಾರಿಯಾದರೋ ಸೇತುವೆಗಿಂತಲೂ ಕಡಿದು.

ಇಂತಹ ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಹೊರಡಿಸುವುದೇ ಕಷ್ಟ. ಎಂಟಡಿಗೆ ಒಂದಡಿ ಏರುವ ದಾರಿಯಲ್ಲಿ ಸಾವಿರ ಕಿಲೋ ತೂಕದ ಕಾರನ್ನು ಸುಮಾರು 125 ಕಿಲೋ ಭಾರವು ಹಿಂದಕ್ಕೆ ಎಳೆಯುತ್ತಿರುವುದು. ಕಾಲನ್ನು ಬ್ರೇಕಿನಿಂದ ತೆಗೆದು ಆಕ್ಸಿಲರೇಟರಿನ ಮೇಲಿಡಲು ಒಂದು ಸೆಕೆಂಡು ಹಿಡಿದರೆ, ಅಷ್ಟರಲ್ಲಿ ಗಾಡಿ ಒಂದೂವರೆ ಎರಡು ಅಡಿ ಹಿಂದೆ ಸರಿಯುವುದು. ನಮ್ಮ ಬೀದಿಗಳಲ್ಲಿ ಹಿಂದಿನ ಸ್ಕೂಟರು ಬಿಡುವ ಎಡೆ ಅಷ್ಟೂ ಇರುವುದಿಲ್ಲ. ಅದರ ಮುಂಭಾಗದಲ್ಲಿ ಶಾಲೆಗೆ ಹೊರಟ ಮಗು ನಿಂತಿರುವುದೂ ಅಪರೂಪವಲ್ಲ.

ಇದಕ್ಕೆ ಪರಿಹಾರವಾಗಿ ಈಗಿನ ಅನೇಕ ಕಾರುಗಳಲ್ಲಿ ‘ಹಿಲ್ ಸ್ಟಾರ್ಟ್ ಅಸಿಸ್ಟ್’ ಎಂಬ ಏರ್ಪಾಡಿರುವುದು. ಯೋಚನೆ ಹೊಸದೇನೂ ಅಲ್ಲ. 1936ರಲ್ಲಿಯೇ ಅಮೆರಿಕದ ಸ್ಟೂಡ್‌ಬೇಕರ್ ಕಂಪೆನಿಯವರು ‘ಹಿಲ್ ಹೋಲ್ಡರ್’ ಎಂಬುದನ್ನು ತಮ್ಮ ಕಾರಿಗೆ ಅಳವಡಿಸಿದ್ದರು. ಅದರೊಳಗಿನ ಸಣ್ಣ ಗುಂಡೊಂದು ಏರಿನಲ್ಲಿ ತಾನಾಗಿ ಉರುಳಿ ಬ್ರೇಕಿನ ದ್ರವದ ದಾರಿಯನ್ನು ಮುಚ್ಚುತ್ತಿತ್ತು. ಕ್ಲಚ್ಚನ್ನು ತುಳಿದಿರುವಷ್ಟು ಹೊತ್ತು ಬ್ರೇಕು ಹಿಡಿದೇ ಇರುತ್ತಿತ್ತು. ಈಗ ಗುಂಡಿನ ಸ್ಥಾನದಲ್ಲಿ ಓಟೆಯನ್ನು ಅಳೆಯುವ ವಿದ್ಯುತ್ ಸಾಧನವಿದೆ. ಬ್ರೇಕಿನಿಂದ ಕಾಲು ತೆಗೆದ ಮೇಲೂ ಸಾಮಾನ್ಯವಾಗಿ ಎರಡು ಸೆಕೆಂಡುಗಳ ಕಾಲ ಒತ್ತಡವನ್ನು ಹಿಡಿದಿಟ್ಟು, ಗಾಡಿ ಮುಂದೆ ಹೊರಡುತ್ತಲೇ ಬಿಟ್ಟುಕೊಡುವುದು.

ಲಾಭವೇನೆಂಬುದು ಸ್ಪಷ್ಟ. ಹೊಸದಾಗಿ ಕಲಿತವರ ಗಾಬರಿ ತಗ್ಗುವುದು. ಕ್ಲಚ್ಚನ್ನು ಅರೆಹಿಡಿದು ಗಾಡಿಯನ್ನು ಏರಿನಲ್ಲಿ ತೂಗಾಡಿಸುವ ಕೆಟ್ಟ ಅಭ್ಯಾಸ ತಪ್ಪಿದರೆ ಕ್ಲಚ್ಚು ಬೇಗ ಸವೆಯದು. ಅದನ್ನು ಬದಲಾಯಿಸಲು ತೆರಬೇಕಾದ ಹಣವನ್ನು ಬಲ್ಲವರೇ ಬಲ್ಲರು!

ಆದರೆ ಎರಡು ಸೆಕೆಂಡೆಂದರೆ ಎರಡೇ ಸೆಕೆಂಡು. ಗಾಡಿ ನಿಂತೇ ಇದೆಯೆಂದು ನಂಬಿ ನೆಲಮಾಳಿಗೆಯ ಗೇಟು ತೆರೆಯಲು ಕೆಳಗಿಳಿದವನ ಪಾಡು ಏನಾದೀತು? ಇದು ಕೈಬ್ರೇಕಿನ ಬದಲಿಯಲ್ಲ. ನಿಮಿಷಗಟ್ಟಲೆ ಹಿಡಿದಿಡುವ ‘ಆಟೋ ಹೋಲ್ಡ್’ ಬೇರೆಯೇ ಸಾಧನ. ಎರಡನ್ನೂ ಒಂದೆಂದು ತಿಳಿಯುವವರನ್ನು ನಾವು ಕಂಡಿದ್ದೇವೆ. ಪಾಚಿಗಟ್ಟಿದ ಏರಿನಲ್ಲಿ ಚಕ್ರ ಜಾರಿದರೆ ಇದರಿಂದ ಯಾವ ಉಪಕಾರವೂ ಇಲ್ಲ. ಓಟೆ ತೀರ ಸಣ್ಣದಾದರೆ ಸಾಧನವು ಎಚ್ಚರಗೊಳ್ಳದಿರುವುದೂ ಉಂಟು.

ಇನ್ನು ಕಲಿಕೆಯ ವಿಚಾರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಕಡಿದಾದ ಏರಿನಲ್ಲಿ ನಿಲ್ಲಿಸಿ, ಹಿಂಜಾರದಂತೆ ಮತ್ತೆ ಹೊರಡಿಸುವುದು ಪರೀಕ್ಷೆಯ ಒಂದು ಭಾಗವಾಗಿದೆ. ಸಾಧನವಿರುವ ಕಾರಿನಲ್ಲಿಯೇ ಕಲಿತ ಮಗನೋ ಮಗಳೋ ಸೋದರಮಾವನ ಹಳೆಯ ಕಾರನ್ನು ಹತ್ತಿದ ದಿನ ಈ ವಿದ್ಯೆ ಕೈಗೆ ಬಾರದು. ಆದಕಾರಣ ಮೊದಲು ಕೈಬ್ರೇಕಿನಿಂದಲೇ ಏರು ಹತ್ತುವುದನ್ನು ಕಲಿಸತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ.

ಕಾರು ಕೊಳ್ಳುವ ಗೃಹಸ್ಥರು ಇದಕ್ಕಾಗಿ ಸ್ವಲ್ಪ ಹೆಚ್ಚು ಹಣ ಕೊಟ್ಟರೆ ನಷ್ಟವಿಲ್ಲ. ಆದರೆ ಮಾರುವವರು ಸಪಾಟಾದ ರಸ್ತೆಯಲ್ಲಿ ಓಡಿಸಿ ತೋರಿಸಿದರೆ ತೃಪ್ತರಾಗದೆ, ತಮ್ಮ ಮನೆಯ ನೆಲಮಾಳಿಗೆಯ ಏರಿಗೇ ಗಾಡಿಯನ್ನು ತರಿಸಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಹಿಂದೆ ಯಾರೂ ಇಲ್ಲದ ವೇಳೆಯಲ್ಲಿ ಪರೀಕ್ಷಿಸಿ ನೋಡುವುದು ಲೇಸು.