ಶೇಕ್ಸ್‌ಪಿಯರನ ಪ್ರಣಯ: ನಿಜವೆಷ್ಟು, ಕಲ್ಪನೆಯೆಷ್ಟು?

ಬರೆಯಲು ಕುಳಿತ ಮಹಾಕವಿಗೆ ಒಂದು ಸಾಲೂ ಹೊಳೆಯುವುದಿಲ್ಲ. 1998ರಲ್ಲಿ ತೆರೆಕಂಡು ಮರುವರ್ಷ ಏಳು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿದ ‘ಶೇಕ್ಸ್‌ಪಿಯರ್ ಇನ್ ಲವ್’ ಎಂಬ ಇಂಗ್ಲಿಷ್ ಚಿತ್ರದ ನಾಯಕನ ಅವಸ್ಥೆ ಇದು. ಕಾಲ 1593, ಊರು ಲಂಡನ್. ನಿರ್ದೇಶಕ ಜಾನ್ ಮ್ಯಾಡನ್.

ವಯೋಲಾ ಧನಿಕ ವರ್ತಕನ ಮಗಳು. ಅವಳಿಗೆ ನಾಟಕದ ಹುಚ್ಚು. ಆದರೆ ಹೆಣ್ಣು ರಂಗವೇರುವಂತಿಲ್ಲ. ಆದ್ದರಿಂದ ಗಂಡುಡುಗೆ ತೊಟ್ಟು, ಥಾಮಸ್ ಕೆಂಟ್ ಎಂದು ಹೆಸರು ಹೇಳಿ, ರೋಮಿಯೋನ ಪಾತ್ರವನ್ನೇ ಗಿಟ್ಟಿಸುತ್ತಾಳೆ. ಕವಿ ಅವಳಿಗೆ ಮನಸೋಲುತ್ತಾನೆ. ಅವನಿಗೋ ಊರಿನಲ್ಲಿ ಹೆಂಡತಿ ಮಕ್ಕಳಿದ್ದಾರೆ. ಅವಳಿಗೆ ವೆಸೆಕ್ಸ್ ಪ್ರಭುವಿನೊಡನೆ ಮದುವೆ ನಿಶ್ಚಯವಾಗಿದೆ. ಕೈಗೂಡದ ಈ ಒಲವೇ ‘ರೋಮಿಯೋ ಜೂಲಿಯೆಟ್’ ಆಯಿತೆಂದು ಚಿತ್ರ ಹೇಳುತ್ತದೆ. ಪ್ರದರ್ಶನದ ದಿನ ಜೂಲಿಯೆಟ್ ಆಗಬೇಕಿದ್ದ ಹುಡುಗನ ಸ್ವರ ಒಡೆಯುತ್ತದೆ. ವಯೋಲಾಳೇ ಜೂಲಿಯೆಟ್ ಆಗಿ ರಂಗಕ್ಕೆ ಬರುತ್ತಾಳೆ.

ಇದರಲ್ಲಿ ನಿಜವೆಷ್ಟು? ಶೇಕ್ಸ್‌ಪಿಯರ್ 1582ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ಆನ್ ಹ್ಯಾಥವೇಯನ್ನು ಮದುವೆಯಾದದ್ದು, ಮೂವರು ಮಕ್ಕಳಾದದ್ದು ನಿಜ. ವಯೋಲಾ ಮಾತ್ರ ಕೇವಲ ಕಲ್ಪನೆ. ರೋಮಿಯೋ ಕಥೆಯೂ ಕವಿಯ ಸ್ವಂತ ಅನುಭವವಲ್ಲ; ಆರ್ಥರ್ ಬ್ರೂಕ್ 1562ರಲ್ಲಿ ಪ್ರಕಟಿಸಿದ ದೀರ್ಘ ಕವನವೇ ಅದರ ಆಕರ. 1593ರಲ್ಲಿ ಪ್ಲೇಗಿನ ದೆಸೆಯಿಂದ ಲಂಡನ್ನಿನ ನಾಟಕಶಾಲೆಗಳು ಬಹುಕಾಲ ಮುಚ್ಚಿಯೇ ಇದ್ದವು.

ಆದರೆ ಹೆಣ್ಣಿಗೆ ರಂಗ ಮುಚ್ಚಿದ್ದುದು ಅಪ್ಪಟ ಸತ್ಯ. ಚಿತ್ರದಲ್ಲಿ ಅಧಿಕಾರಿ ಬಂಧಿಸಲು ಧಾವಿಸಿ ಬರುತ್ತಾನೆ. ವಾಸ್ತವದಲ್ಲಿ ಅದನ್ನು ನಿಷೇಧಿಸುವ ಕಾಯಿದೆಯೇನೂ ಇರಲಿಲ್ಲ, ಇದ್ದುದು ರೂಢಿ. ರಾಣಿಯೊಬ್ಬಳು ನಾಡನ್ನಾಳುತ್ತಿದ್ದರೂ ಆ ರೂಢಿ ಕದಲಲಿಲ್ಲ. ಲಂಡನ್ನಿನ ವೃತ್ತಿರಂಗಭೂಮಿಗೆ ನಟಿಯರು ಬಂದದ್ದು 1660ರಲ್ಲಿ, ಅಂದರೆ ಕವಿ ತೀರಿಕೊಂಡು 44 ವರ್ಷಗಳ ನಂತರ.

ಯಕ್ಷಗಾನದಲ್ಲಿ ಗಂಡಸರೇ ಸ್ತ್ರೀವೇಷ ಕಟ್ಟುವುದನ್ನು ನೋಡುತ್ತ ಬೆಳೆದ ಕಾಸರಗೋಡಿನ ನಮಗೆ ಈ ಚಿತ್ರ ದೂರದ್ದೆನಿಸದು. ಸೀತೆಯೂ ದಮಯಂತಿಯೂ ಗಂಡು ಕಲಾವಿದರಲ್ಲಿ ಎಷ್ಟು ಸೊಗಸಾಗಿ ಮೈದಾಳಿದರೆಂಬುದನ್ನು ನಾವು ಬಲ್ಲೆವು. ಆ ಕಲೆಗೆ ತಲೆಬಾಗೋಣ. ಆದರೆ ಚೌಕಿಯ ಹೊರಗೆ ಕುಳಿತು ಪದಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡ ಹೆಣ್ಣುಮಕ್ಕಳೂ ಇದ್ದರಲ್ಲವೇ? ಇಂದು ಅವರ ಮೊಮ್ಮಕ್ಕಳು ಗೆಜ್ಜೆ ಕಟ್ಟುತ್ತಿದ್ದಾರೆ. ಚಿತ್ರ ನೋಡಿ ನಕ್ಕ ಮೇಲೆ ನಾವು ನೆನೆಯಬೇಕಾದದ್ದು ಆ ಅಜ್ಜಿಯರನ್ನು.