‘ಪಿಂಕ್ ಮೂನ್’ ಮತ್ತು ಒಂದು ಷರಾ

ಮಗಳ ಒತ್ತಾಯಕ್ಕೆ ಮಣಿದು ಇಂಗ್ಲೆಂಡಿನ ಯುವ ಗಾಯಕ ನಿಕ್ ಡ್ರೇಕ್‌ನ ‘ಪಿಂಕ್ ಮೂನ್’ ಆಲ್ಬಂ ಕೇಳಿದೆ. 1971ರ ಅಕ್ಟೋಬರಿನ ಎರಡು ರಾತ್ರಿಗಳಲ್ಲಿ ಲಂಡನ್ನಿನಲ್ಲಿ ಮುದ್ರಿತವಾದ 11 ಹಾಡುಗಳು; ಅರ್ಧ ಗಂಟೆಯೂ ತುಂಬದು. ಹಿಂದಿನ ಎರಡು ಆಲ್ಬಂಗಳ ವಾದ್ಯವೃಂದ ಇಲ್ಲಿಲ್ಲ. ಗಿಟಾರು, ಪಿಸುದನಿಗೆ ಸಮೀಪದ ಕಂಠ, ಒಂದು ಹಾಡಿನಲ್ಲಷ್ಟೇ ತುಸು ಪಿಯಾನೊ.

1972ರಲ್ಲಿ ಹೊರಬಂದಾಗ ಕೊಂಡವರು ವಿರಳ. ಖಿನ್ನತೆಯಿಂದ ಬಳಲಿದ ಗಾಯಕ 1974ರಲ್ಲಿ, 26ನೇ ವಯಸ್ಸಿನಲ್ಲಿ ತೀರಿಕೊಂಡ. 1999ರಲ್ಲಿ ಅಮೆರಿಕದ ಕಾರು ಜಾಹೀರಾತೊಂದು ಶೀರ್ಷಿಕೆ ಗೀತೆಯನ್ನು ಬಳಸಿದ್ದೇ ತಡ, ಮಾರಾಟ ಏರಿತು. ಹಾಡು ಅದೇ ಇತ್ತು. ಬೇಡಿಕೆಯಿಂದ ಮೌಲ್ಯ ಅಳೆಯಲು ಕಲಿಸಿದ ನನ್ನ ಅರ್ಥಶಾಸ್ತ್ರ ಇಲ್ಲಿ ನೆರವಾಗಲಿಲ್ಲ.

ಸೇವೆಯಲ್ಲಿದ್ದಾಗ ಮಿತಭಾಷಿ ಕಿರಿಯ ಅಧಿಕಾರಿಯೊಬ್ಬರ ಗೋಪ್ಯ ವರದಿಯಲ್ಲಿ ‘ಬೆರೆಯುವ ಸ್ವಭಾವವಿಲ್ಲ’ ಎಂದು ಷರಾ ಬರೆದಿದ್ದೆ. ಅವರನ್ನು ಒಮ್ಮೆಯೂ ಎದುರಿಗೆ ಕೂರಿಸಿಕೊಂಡು ಮಾತನಾಡಿಸಿರಲಿಲ್ಲ.